ಹಳೆಯ ಸ್ಕ್ಯಾನರಿನ ಮೋಟಾರು, ಮನೆಯಲ್ಲಿ ಕಟ್ಟುವ ಸಿಎನ್‌ಸಿ ಯಂತ್ರ

ಕಂಪ್ಯೂಟರ್ ಹೇಳಿದಂತೆ ಉಪಕರಣವನ್ನು ಸರಿಸಿ ಕತ್ತರಿಸುವ, ಕೆತ್ತುವ ಯಂತ್ರಕ್ಕೆ ಸಿಎನ್‌ಸಿ ಎನ್ನುತ್ತಾರೆ. ಎರಡು ಹಳೆಯ ಸ್ಕ್ಯಾನರುಗಳನ್ನು ಬಿಚ್ಚಿ ನಾನು ಕಟ್ಟಿದ ಮೊದಲ ಸಿಎನ್‌ಸಿ ಯಂತ್ರ ಏನನ್ನೂ ಕತ್ತರಿಸುತ್ತಿರಲಿಲ್ಲ. ಪೆನ್ನು ಹಿಡಿದು ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ನೇರ ಗೆರೆಗಳು ಚೆನ್ನಾಗಿಯೇ ಬಂದವು. ಆಮೇಲೆ ಒಂದು ವೃತ್ತ ಬರೆಸಿದೆ. ದೂರದಿಂದ ನೋಡಿದರೆ ವೃತ್ತವೇ. ಕಣ್ಣಿನ ಹತ್ತಿರ ಹಿಡಿದರೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ನಾಲ್ಕೂ ಕಡೆ ಅರದಿಂದ ತಿಕ್ಕಿದಂತೆ ಸಣ್ಣ ಚಪ್ಪಟೆ ಜಾಗಗಳು. ವೇಗ ಇಳಿಸಿದೆ, ಕರೆಂಟು ಏರಿಸಿದೆ, ಪ್ರೋಗ್ರಾಮನ್ನು ಸಾಲು ಸಾಲಾಗಿ ಪರೀಕ್ಷಿಸಿದೆ. ಚಪ್ಪಟೆ ಹೋಗಲಿಲ್ಲ.

ಮೋಟಾರಿನಲ್ಲಿ ದೋಷವಿರಲಿಲ್ಲ, ಪ್ರೋಗ್ರಾಮಿನಲ್ಲೂ ಇರಲಿಲ್ಲ. ಸ್ಕ್ಯಾನರನ್ನು ಯಾವ ಕೆಲಸಕ್ಕಾಗಿ ಕಟ್ಟಿದ್ದಾರೆ ಎಂಬುದನ್ನು ನಾನು ಯೋಚಿಸಿರಲಿಲ್ಲ. 1200 ಡಿಪಿಐ ಸ್ಕ್ಯಾನರ್ ಎಂದರೆ ಒಂದು ಅಂಗುಲಕ್ಕೆ, ಅಂದರೆ 25.4 ಮಿಲಿಮೀಟರಿಗೆ, 1200 ಸಾಲುಗಳನ್ನು ಓದುವ ಯಂತ್ರ. ಭಾಗಿಸಿ ನೋಡಿದರೆ ಒಂದು ಸಾಲಿನಿಂದ ಮುಂದಿನ ಸಾಲಿಗೆ ಇರುವ ದೂರ ಸುಮಾರು 0.021 ಮಿಲಿಮೀಟರ್. ಇಷ್ಟು ಸೂಕ್ಷ್ಮವಾಗಿ ಚಲಿಸುವ ಭಾಗಗಳು ಕಸಕ್ಕೆ ಹೋಗುತ್ತಿವೆಯಲ್ಲ ಎಂದು ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಆ ಸೂಕ್ಷ್ಮತೆ ಒಂದೇ ದಿಕ್ಕಿನದು. ಬೆಳಕು ಮತ್ತು ಸಂವೇದಕವನ್ನು ಹೊತ್ತ ಗಾಡಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಾಗ ಮಾತ್ರ ಓದುತ್ತದೆ. ಹಿಂದಿರುಗುವಾಗ ಸುಮ್ಮನೆ ಹಿಂದಿರುಗುತ್ತದೆ. ಹೋಗುವಷ್ಟು ಹೊತ್ತೂ ಗೇರಿನ ಹಲ್ಲುಗಳು ಒಂದೇ ಮಗ್ಗುಲಿಗೆ ಒರಗಿಕೊಂಡಿರುತ್ತವೆ, ಬೆಲ್ಟು ಒಂದೇ ಕಡೆಗೆ ಬಿಗಿದಿರುತ್ತದೆ. ಹಲ್ಲಿಗೂ ಹಲ್ಲಿಗೂ ನಡುವೆ ಸಡಿಲವಿದ್ದರೂ ಅದು ಚಿತ್ರದಲ್ಲಿ ಕಾಣುವುದೇ ಇಲ್ಲ.

ಸಿಎನ್‌ಸಿ ಯಂತ್ರದ ಅಕ್ಷ, ಅಂದರೆ ಒಂದೊಂದು ದಿಕ್ಕಿನಲ್ಲಿ ಚಲಿಸುವ ಭಾಗ, ಹಾಗಲ್ಲ, ಅದು ಪದೇ ಪದೇ ದಿಕ್ಕು ಬದಲಿಸುತ್ತದೆ. ಬದಲಿಸಿದಾಗ ಮೋಟಾರು ಮೊದಲು ಆ ಸಡಿಲವನ್ನು ತುಂಬಬೇಕು. ಅಷ್ಟು ಹೊತ್ತು ಮೋಟಾರು ತಿರುಗುತ್ತಿದ್ದರೂ ಪೆನ್ನು ನಿಂತಲ್ಲೇ ನಿಂತಿರುತ್ತದೆ. ವೃತ್ತದ ಎಡ ಮತ್ತು ಬಲ ತುದಿಗಳಲ್ಲಿ ಒಂದು ಅಕ್ಷ ದಿಕ್ಕು ಬದಲಿಸುತ್ತದೆ, ಮೇಲೆ ಮತ್ತು ಕೆಳಗೆ ಇನ್ನೊಂದು. ನನ್ನ ನಾಲ್ಕು ಚಪ್ಪಟೆ ಜಾಗಗಳ ಕಾರಣ ಇದೇ. ಈ ಸಡಿಲಕ್ಕೆ ಯಂತ್ರ ಕಟ್ಟುವವರು ಬ್ಯಾಕ್‌ಲ್ಯಾಶ್ ಎನ್ನುತ್ತಾರೆ. ಸ್ಕ್ಯಾನರಿನ ಯಾವ ಭಾಗವನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವೆಲ್ಲ ಈ ಒಂದು ವ್ಯತ್ಯಾಸದಿಂದ ಹೊರಡುತ್ತದೆ.

ಬಿಚ್ಚುವ ಮೊದಲು ಎರಡು ಎಚ್ಚರಿಕೆಗಳು. ಹಳೆಯ ಸ್ಕ್ಯಾನರುಗಳಲ್ಲಿ ಬೆಳಕಿಗಾಗಿ ಪೆನ್ಸಿಲಿಗಿಂತ ತೆಳ್ಳಗಿನ ಗಾಜಿನ ಕೊಳವೆಯೊಂದು ಇರುತ್ತದೆ. ಅದು ಪ್ರತಿದೀಪ್ತ ದೀಪ, ಒಳಗೆ ಸ್ವಲ್ಪ ಪಾದರಸವಿದೆ. ಅದನ್ನು ಒಡೆಯದೆ ತೆಗೆದು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಆ ದೀಪವನ್ನು ಉರಿಸುವ ಚಿಕ್ಕ ಇನ್ವರ್ಟರ್ ಹಲಗೆ ನೂರಾರು ವೋಲ್ಟ್ ಹುಟ್ಟಿಸುತ್ತದೆ, ವಿದ್ಯುತ್ ಹರಿಯುತ್ತಿರುವಾಗ ಅದನ್ನು ಮುಟ್ಟಬಾರದು. ಅಡಾಪ್ಟರ್ ಹೊರಗೆ ಇರದೆ ಗೋಡೆಯ ಕರೆಂಟು ನೇರವಾಗಿ ಒಳಗೇ ಬರುವ ಮಾದರಿಯಾದರೆ ಇನ್ನೂ ಹೆಚ್ಚು ಜಾಗ್ರತೆ ಬೇಕು: 230 ವೋಲ್ಟನ್ನು ನೇರ ವಿದ್ಯುತ್ತಾಗಿ ಬದಲಿಸಿದಾಗ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಕೂರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಕಾಲ ಅಲ್ಲೇ ಉಳಿಯಬಹುದು. ಮಲ್ಟಿಮೀಟರಿನಲ್ಲಿ ಅಳೆದು, ಇಳಿದಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಕೈ ಹಾಕಬೇಕು.

ಸ್ಕ್ಯಾನರುಗಳಲ್ಲಿ ಎರಡು ಮುಖ್ಯ ಜಾತಿಗಳಿವೆ. ದೀಪ, ಕನ್ನಡಿಗಳು, ಮಸೂರ, ಸಿಸಿಡಿ ಸಂವೇದಕ ಇರುವ ದಪ್ಪನೆಯ, ಭಾರವಾದ ಹಳೆಯ ಮಾದರಿ ಒಂದು. ಎಲ್‌ಇಡಿ ಬೆಳಕಿನ, ಕಾಗದಕ್ಕೆ ಅಂಟಿಕೊಂಡಂತೆ ಓದುವ, ತೆಳುವಾದ ಸಿಐಎಸ್ ಮಾದರಿ ಇನ್ನೊಂದು. ಮೊದಲನೆಯದರ ಗಾಡಿ ಭಾರ, ಆದ್ದರಿಂದ ಮೋಟಾರು ದೊಡ್ಡದು, ಉಕ್ಕಿನ ಸರಳೂ ದಪ್ಪ. ಎರಡನೆಯದರಲ್ಲಿ ಎಲ್ಲವೂ ಹಗುರ. ನನ್ನನ್ನು ಕೇಳಿದರೆ, ಯಂತ್ರ ಕಟ್ಟುವವರು ಎತ್ತಲು ಕಷ್ಟವಾಗುವ ಸ್ಕ್ಯಾನರನ್ನೇ ಆರಿಸಬೇಕು.

ಒಳಗಿನ ಸಂಪತ್ತು ಸ್ಟೆಪ್ಪರ್ ಮೋಟಾರು. ಸಾಮಾನ್ಯ ಮೋಟಾರಿಗೆ ವಿದ್ಯುತ್ ಕೊಟ್ಟರೆ ಅದು ತಿರುಗುತ್ತಲೇ ಇರುತ್ತದೆ. ಎಷ್ಟು ತಿರುಗಿತು ಎಂದು ತಿಳಿಯಲು ಬೇರೆ ಉಪಕರಣ ಬೇಕು. ಸ್ಟೆಪ್ಪರ್ ಹೆಜ್ಜೆ ಎಣಿಸಿಕೊಂಡು ತಿರುಗುತ್ತದೆ. ಒಳಗೆ ಎರಡು ಗುಂಪು ಸುರುಳಿಗಳಿವೆ, ನಡುವೆ ಅಯಸ್ಕಾಂತದ ತಿರುಗುವ ಭಾಗವಿದೆ. ಸುರುಳಿಗಳಲ್ಲಿ ವಿದ್ಯುತ್ತಿನ ದಿಕ್ಕನ್ನು ಒಂದು ನಿಶ್ಚಿತ ಕ್ರಮದಲ್ಲಿ ಬದಲಿಸುತ್ತಾ ಹೋದರೆ ಅಯಸ್ಕಾಂತ ಪ್ರತಿ ಬದಲಾವಣೆಗೂ ಒಂದೊಂದು ಹೆಜ್ಜೆ ಸರಿಯುತ್ತದೆ. ನೂರು ಬಾರಿ ಬದಲಿಸಿದರೆ ನೂರು ಹೆಜ್ಜೆ. ಆದರೆ ಭಾರಕ್ಕೆ ಸೋತು ಹೆಜ್ಜೆ ತಪ್ಪಿದರೆ ಅದನ್ನು ತಿಳಿಸಲು ಮೋಟಾರಿಗೆ ಬಾಯಿಲ್ಲ. ನಿಯಂತ್ರಕ ಎಲ್ಲವೂ ಸರಿಯಾಗಿದೆ ಎಂದೇ ಎಣಿಸುತ್ತಾ ಹೋಗುತ್ತದೆ.

ಕೈಗೆ ಬರುವ ಮೋಟಾರುಗಳು ಎರಡು ಬಗೆ. ತಗಡಿನ ಡಬ್ಬಿಯಂತೆ ದುಂಡಗೆ, ಚಪ್ಪಟೆಯಾಗಿರುವುದು ಒಂದು. ಇವುಗಳಲ್ಲಿ ಸಾಮಾನ್ಯವಾಗಿ ಒಂದು ಹೆಜ್ಜೆಗೆ 7.5 ಡಿಗ್ರಿ, ಅಂದರೆ ಒಂದು ಸುತ್ತಿಗೆ 48 ಹೆಜ್ಜೆ, ಕೆಲವದರಲ್ಲಿ 3.75 ಡಿಗ್ರಿ, 96 ಹೆಜ್ಜೆ. ಚೌಕಾಕಾರದ, ಲೋಹದ ತಟ್ಟೆಗಳನ್ನು ಪೇರಿಸಿದಂತೆ ಕಾಣುವ ಹೈಬ್ರಿಡ್ ಮೋಟಾರು ಇನ್ನೊಂದು. ಇದರಲ್ಲಿ 1.8 ಡಿಗ್ರಿ, ಸುತ್ತಿಗೆ 200 ಹೆಜ್ಜೆ, ಕೆಲವೊಮ್ಮೆ 0.9 ಡಿಗ್ರಿ, 400 ಹೆಜ್ಜೆ. ಮುಖದ ಅಳತೆ 42 ಮಿಲಿಮೀಟರ್, ಬೋಲ್ಟಿನ ತೂತುಗಳ ನಡುವೆ 31 ಮಿಲಿಮೀಟರ್ ಇದ್ದರೆ ಅದು ನೆಮಾ 17 ಎಂಬ ಪ್ರಮಾಣಿತ ಅಳತೆಯ ಮೋಟಾರು. ಅದು ಸಿಕ್ಕಿದರೆ ಅದೃಷ್ಟವೇ, ಯಾಕೆಂದರೆ ಅದಕ್ಕೆ ಹೊಂದುವ ಪುಲ್ಲಿ, ದಂಡವನ್ನು ಸರಳಿಗೆ ಜೋಡಿಸುವ ಕಪ್ಲಿಂಗ್, ಆವರಣ ಎಲ್ಲವೂ ಸುಲಭವಾಗಿ ದೊರೆಯುತ್ತವೆ. ಎರಡು ತಂತಿ ಮಾತ್ರ ಇರುವ, ಜೊತೆಗೆ ತೆಳುಗೆರೆಗಳ ಪ್ಲಾಸ್ಟಿಕ್ ಚಕ್ರವಿರುವ ಮೋಟಾರು ಕಂಡರೆ ಅದು ಸ್ಟೆಪ್ಪರ್ ಅಲ್ಲ, ಸಾಮಾನ್ಯ ಡಿಸಿ ಮೋಟಾರು. ಪ್ರಿಂಟರು, ಸ್ಕ್ಯಾನರು ಎರಡೂ ಒಂದೇ ಆಗಿರುವ ಇತ್ತೀಚಿನ ಯಂತ್ರಗಳಲ್ಲಿ ಇಂಥವು ಸಿಗುವ ಸಾಧ್ಯತೆ ಹೆಚ್ಚು.

ಒಂದು ಮಾತು: ಕುತೂಹಲಕ್ಕಾಗಿ ಹೈಬ್ರಿಡ್ ಮೋಟಾರನ್ನು ಬಿಚ್ಚಿ ಒಳಗಿನ ಅಯಸ್ಕಾಂತವನ್ನು ಹೊರಗೆಳೆಯಬೇಡಿ. ಹೊರಗೆ ಬಂದ ಅಯಸ್ಕಾಂತ ದುರ್ಬಲವಾಗಬಹುದು, ಮತ್ತೆ ಜೋಡಿಸಿದರೂ ಹಳೆಯ ಬಲ ಬಾರದಿರಬಹುದು.

ತಂತಿಗಳನ್ನು ಗುರುತಿಸುವುದು ಕಷ್ಟದ ಕೆಲಸವೆಂದು ಹಲವರು ಹೆದರುತ್ತಾರೆ, ಹೆದರಬೇಕಿಲ್ಲ. ನಾಲ್ಕು ತಂತಿಗಳಿದ್ದರೆ ಎರಡು ಸುರುಳಿ, ಎರಡು ಜೋಡಿ. ಮಲ್ಟಿಮೀಟರಿನಲ್ಲಿ ರೋಧ ತೋರಿಸುವ ಎರಡು ತಂತಿಗಳು ಒಂದು ಜೋಡಿ. ಮೀಟರ್ ಇಲ್ಲದಿದ್ದರೂ ದಾರಿಯಿದೆ: ಯಾವುದಾದರೂ ಎರಡು ತಂತಿಗಳನ್ನು ಒಂದಕ್ಕೊಂದು ತಾಗಿಸಿ ಕೈಯಿಂದ ದಂಡವನ್ನು ತಿರುಗಿಸಿ. ತಿರುಗಿಸುವುದು ತಟ್ಟನೆ ಬಿಗಿಯಾದರೆ ಅವೆರಡೂ ಒಂದೇ ಸುರುಳಿಯವು. ನೀವು ತಿರುಗಿಸಿದಾಗ ಮೋಟಾರು ಜನರೇಟರಾಗಿ ವಿದ್ಯುತ್ ಹುಟ್ಟಿಸುತ್ತದೆ, ಆ ವಿದ್ಯುತ್ ಸುತ್ತಿ ಬಂದು ನಿಮ್ಮ ಕೈಯನ್ನೇ ತಡೆಯುತ್ತದೆ. ಮೊದಲ ಸಲ ಇದನ್ನು ಬೆರಳಿನಲ್ಲಿ ಅನುಭವಿಸಿದಾಗ ನನಗಾದ ಸಂತೋಷವನ್ನು ಇನ್ನೂ ಮರೆತಿಲ್ಲ. ತಂತಿಗಳ ನಡುವೆ ಒಂದು ಎಲ್‌ಇಡಿ ಇಟ್ಟು ವೇಗವಾಗಿ ತಿರುಗಿಸಿದರೆ ಅದು ಮಿನುಗುವುದನ್ನೂ ನೋಡಬಹುದು. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಆರು ತಂತಿಗಳಿದ್ದರೆ ಪ್ರತಿ ಸುರುಳಿಯ ನಡುಮಧ್ಯದಿಂದ ಒಂದು ತಂತಿ ಹೆಚ್ಚುವರಿಯಾಗಿ ಹೊರಬಂದಿದೆ ಎಂದರ್ಥ. ತುದಿಯಿಂದ ತುದಿಗೆ ಇರುವ ರೋಧದ ಅರ್ಧ ಭಾಗ ತುದಿಯಿಂದ ನಡುವಿಗೆ ಇರುತ್ತದೆ. ನಡುವಿನ ತಂತಿಯನ್ನು ಟೇಪು ಸುತ್ತಿ ಬಿಟ್ಟರೆ ಇದು ನಾಲ್ಕು ತಂತಿಯ ಮೋಟಾರಿನಂತೆಯೇ ನಡೆಯುತ್ತದೆ. ಐದು ತಂತಿಗಳಿದ್ದರೆ ಎರಡೂ ನಡುಗಳು ಒಳಗೇ ಸೇರಿವೆ. ಸುರುಳಿಗಳಿಗೆ ವಿದ್ಯುತ್ ಕೊಟ್ಟು ಮೋಟಾರನ್ನು ನಡೆಸುವ, ಇಂದು ಚಾಲ್ತಿಯಲ್ಲಿರುವ ಡ್ರೈವರ್ ಹಲಗೆಗಳಿಗೆ ಅದು ಹಾಗೆಯೇ ಹೊಂದುವುದಿಲ್ಲ. ಒಳಗಿನ ಆ ಜೋಡಣೆಯನ್ನು ಕತ್ತರಿಸಲು ಸಾಧ್ಯವಾದರೆ ಮಾತ್ರ ಬಳಸಬಹುದು.

ಇನ್ನು ರೋಧದ ವಿಷಯ. ಹೆಚ್ಚು ಜನ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೋಟಾರಿನ ಬಲ ಹುಟ್ಟುವುದು ಸುರುಳಿಯಲ್ಲಿ ಹರಿಯುವ ಕರೆಂಟಿನಿಂದ. ಆದರೆ ಸುರುಳಿ ಕರೆಂಟನ್ನು ಒಮ್ಮೆಲೇ ಒಳಗೆ ಬಿಡುವುದಿಲ್ಲ. ಇಂಡಕ್ಟನ್ಸ್ ಎಂಬ ಗುಣದಿಂದಾಗಿ ಕರೆಂಟು ಮೆಲ್ಲಗೆ ಏರುತ್ತದೆ. 5 ಓಮ್ ರೋಧ, 10 ಮಿಲಿಹೆನ್ರಿ ಇಂಡಕ್ಟನ್ಸ್, 1 ಆಂಪಿಯರ್ ಮಿತಿ ಇರುವ ಸುರುಳಿಯೊಂದನ್ನು ಊಹಿಸಿಕೊಳ್ಳಿ. ಅದಕ್ಕೆ 5 ವೋಲ್ಟ್ ಕೊಟ್ಟರೆ 2 ಮಿಲಿಸೆಕೆಂಡಿನಲ್ಲಿ ಕರೆಂಟು ಇನ್ನೂ 0.63 ಆಂಪಿಯರನ್ನು ಮಾತ್ರ ಮುಟ್ಟಿರುತ್ತದೆ. ಸೆಕೆಂಡಿಗೆ 500 ಹೆಜ್ಜೆ ಇಡಬೇಕೆಂದರೆ ಒಂದು ಹೆಜ್ಜೆಗೆ ಸಿಗುವ ಕಾಲವೇ 2 ಮಿಲಿಸೆಕೆಂಡು. ಪೂರ್ಣ ಬಲ ಬರುವ ಮೊದಲೇ ಮುಂದಿನ ಹೆಜ್ಜೆಯ ಸರದಿ ಬಂದುಬಿಡುತ್ತದೆ. ಅದೇ ಸುರುಳಿಗೆ 24 ವೋಲ್ಟ್ ಕೊಟ್ಟರೆ ಅರ್ಧ ಮಿಲಿಸೆಕೆಂಡಿನೊಳಗೆ 1 ಆಂಪಿಯರ್ ತುಂಬುತ್ತದೆ. ಹಾಗೇ ಬಿಟ್ಟರೆ ಕರೆಂಟು ಏರುತ್ತಲೇ ಹೋಗಿ ಸುರುಳಿ ಸುಟ್ಟುಹೋಗುತ್ತದೆ. ಆದ್ದರಿಂದ ಡ್ರೈವರ್ ಚಿಪ್ ಕರೆಂಟನ್ನು ಅಳೆಯುತ್ತಾ, ಮಿತಿ ಮುಟ್ಟಿದ ಕೂಡಲೇ ಕಡಿದು, ಇಳಿದ ಕೂಡಲೇ ಮತ್ತೆ ಜೋಡಿಸಿ, ಸೆಕೆಂಡಿಗೆ ಸಾವಿರಾರು ಬಾರಿ ಹೀಗೆ ಮಾಡಿ ಕರೆಂಟನ್ನು ಮಿತಿಯಲ್ಲೇ ನಿಲ್ಲಿಸುತ್ತದೆ. ‘ಈ ಮೋಟಾರಿನ ಮೇಲೆ 5 ವೋಲ್ಟ್ ಎಂದು ಬರೆದಿದೆ, 24 ವೋಲ್ಟ್ ಕೊಡಬಹುದೇ?’ ಎಂಬ ಪ್ರಶ್ನೆಗೆ ಉತ್ತರ ಇದು: ಕರೆಂಟಿಗೆ ಮಿತಿ ಹಾಕುವ ಡ್ರೈವರ್ ಇದ್ದರೆ ಕೊಡಬಹುದು, ಕೊಡುವುದೇ ಒಳ್ಳೆಯದು.

ಎ4988 ಎಂಬ ಚಿಕ್ಕ ಡ್ರೈವರ್ ಹಲಗೆ ಇಂಥ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. 8ರಿಂದ 35 ವೋಲ್ಟ್‌ವರೆಗೆ ನಡೆಯುತ್ತದೆ; ತಂಪುಗೊಳಿಸುವ ವ್ಯವಸ್ಥೆ ಇಲ್ಲದಿದ್ದರೆ ಒಂದು ಸುರುಳಿಗೆ ಸುಮಾರು 1 ಆಂಪಿಯರ್ ಕೊಡಬಲ್ಲದು. ಸ್ಕ್ಯಾನರಿನ ಮೋಟಾರುಗಳಿಗೆ ಅಷ್ಟು ಧಾರಾಳವಾಯಿತು. ಮೇಲಿರುವ ಪುಟ್ಟ ತಿರುಪಿನಿಂದ ಕರೆಂಟಿನ ಮಿತಿ ಹೊಂದಿಸಬೇಕು. ಆ ತಿರುಪಿನಲ್ಲಿ ಅಳೆಯುವ ವೋಲ್ಟೇಜನ್ನು, ಹಲಗೆಯಲ್ಲಿರುವ ಅಳತೆ-ರೋಧಕದ ಬೆಲೆಯ ಎಂಟು ಪಟ್ಟಿನಿಂದ ಭಾಗಿಸಿದರೆ ಬರುವುದೇ ಮಿತಿ. ರೋಧಕ 0.1 ಓಮ್ ಇದ್ದು ವೋಲ್ಟೇಜ್ 0.4 ಇದ್ದರೆ ಮಿತಿ 0.5 ಆಂಪಿಯರ್. ಮೋಟಾರಿನ ಮೇಲೆ ಏನೂ ಬರೆದಿರದಿದ್ದರೆ 0.3 ಆಂಪಿಯರಿನಿಂದ ಶುರುಮಾಡಿ, ಅರ್ಧ ಗಂಟೆ ನಡೆಸಿ, ಬೆನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೂ ಕೈ ಇಡುವಂತಿದ್ದರೆ ಸ್ವಲ್ಪ ಏರಿಸಿ ಮತ್ತೆ ನೋಡಿ. ವಿದ್ಯುತ್ ಇರುವಾಗ ಮೋಟಾರಿನ ತಂತಿಯನ್ನು ಎಂದಿಗೂ ಕೀಳಬೇಡಿ. ಆ ಕ್ಷಣದಲ್ಲಿ ಹುಟ್ಟುವ ವೋಲ್ಟೇಜ್ ಚಿಪ್ಪನ್ನು ಕೊಲ್ಲುತ್ತದೆ. ವಿದ್ಯುತ್ ಒಳಬರುವಲ್ಲಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುವುದನ್ನು ಮರೆಯಬೇಡಿ.

ಕೆಲವು ಹಳೆಯ ಮೋಟಾರುಗಳ ಸುರುಳಿಯ ರೋಧ ನೂರು ಓಮಿನ ಆಸುಪಾಸು ಇರುತ್ತದೆ. ಇವು ಕರೆಂಟಿಗೆ ಮಿತಿ ಹಾಕುವ ಡ್ರೈವರ್ ಇಲ್ಲದೆ, ನೇರವಾಗಿ ಪೂರ್ಣ ವೋಲ್ಟೇಜಿನಲ್ಲಿ ನಡೆಯಲೆಂದು ಸುತ್ತಿದವು. 12 ವೋಲ್ಟಿನಲ್ಲಿ 100 ಓಮಿನ ಸುರುಳಿಗೆ 0.12 ಆಂಪಿಯರಿಗಿಂತ ಹೆಚ್ಚು ಹೋಗಲಾರದು. ಎ4988ರ ತಿರುಪನ್ನು ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ಮೋಟಾರು ಕೆಟ್ಟಿದೆ ಎಂದು ಎಸೆಯುವ ಮೊದಲು ರೋಧ ಅಳೆಯಿರಿ. ನಿಧಾನವಾಗಿ ಪೆನ್ನು ಎತ್ತಿ ಇಳಿಸುವಂಥ ಕೆಲಸಕ್ಕೆ ಅದು ಈಗಲೂ ಸಾಕು.

ಸ್ಕ್ಯಾನರಿನ ಮುಖ್ಯ ಹಲಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ದೊಡ್ಡ ಚಿಪ್ ಆ ಸ್ಕ್ಯಾನರಿಗೆಂದೇ ಮಾಡಿದ್ದು, ನಮ್ಮ ಮಾತು ಕೇಳುವುದಿಲ್ಲ. ಮೋಟಾರನ್ನು ನಡೆಸುವ ಚಿಪ್ ಯುಎಲ್‌ಎನ್2003 ಇದ್ದರೆ ಬೆಸುಗೆ ಬಿಡಿಸಿ ತೆಗೆಯಬಹುದು. ಆದರೆ ಅದು ಸುಮ್ಮನೆ ಏಳು ಸ್ವಿಚ್ಚುಗಳ ಕಟ್ಟು. ಹೆಜ್ಜೆಗಳ ಕ್ರಮವನ್ನು ಇನ್ನೊಬ್ಬರು ಹೇಳಿಕೊಡಬೇಕು, ಕರೆಂಟಿಗೆ ಮಿತಿ ಹಾಕುವ ಶಕ್ತಿಯೂ ಅದಕ್ಕಿಲ್ಲ. ಹಲಗೆಯಿಂದ ನಾನು ತಪ್ಪದೆ ತೆಗೆದಿಡುವುದು ಮೋಟಾರಿನ ತಂತಿ ಸಿಕ್ಕಿಸುವ ಕನೆಕ್ಟರ್, ವಿದ್ಯುತ್ ಒಳಬರುವ ಜ್ಯಾಕ್ ಮತ್ತು ಗಾಡಿಯ ಮೂಲಸ್ಥಾನ ಗುರುತಿಸುವ ಬೆಳಕಿನ ಸಂವೇದಕ ಇದ್ದರೆ ಅದು. ಕುದುರೆಲಾಳದ ಆಕಾರದ ಆ ಪುಟ್ಟ ಭಾಗದ ಒಂದು ಕಾಲಿನಲ್ಲಿ ಅವಗೆಂಪು ಎಲ್‌ಇಡಿ, ಇನ್ನೊಂದರಲ್ಲಿ ಬೆಳಕನ್ನು ಗ್ರಹಿಸುವ ಟ್ರಾನ್ಸಿಸ್ಟರ್. ಎಲ್‌ಇಡಿಗೆ 5 ವೋಲ್ಟಿನಿಂದ 330 ಓಮ್ ರೋಧಕದ ಮೂಲಕ ವಿದ್ಯುತ್ ಕೊಟ್ಟರೆ ಸಾಕು. ಅದು ಉರಿಯುತ್ತಿದೆಯೇ ಎಂದು ಕಣ್ಣಿಗೆ ತಿಳಿಯುವುದಿಲ್ಲ, ಹಲವು ಮೊಬೈಲುಗಳ ಕ್ಯಾಮೆರಾಗೆ ತಿಳಿಯುತ್ತದೆ. ಪ್ರತಿ ಸಲ ಯಂತ್ರ ಶುರುವಾದಾಗ ಅಕ್ಷ ಎಲ್ಲಿದೆ ಎಂದು ಕಂಡುಕೊಳ್ಳಲು ಇದಕ್ಕಿಂತ ನಂಬಿಗಸ್ತ ಸ್ವಿಚ್ ಬೇಡ.

ಸ್ಕ್ಯಾನರಿನ ಅಡಾಪ್ಟರ್ ಸಾಕೇ ಎಂಬ ಲೆಕ್ಕವನ್ನೂ ಮಾಡಿಬಿಡೋಣ. 5 ಓಮ್ ಸುರುಳಿಯಲ್ಲಿ 0.5 ಆಂಪಿಯರ್ ಹರಿದಾಗ ಖರ್ಚಾಗುವುದು 1.25 ವಾಟ್. ಮೋಟಾರಿಗೆ ಎರಡು ಸುರುಳಿ, ಮೂರು ಮೋಟಾರು: ಒಟ್ಟು 7.5 ವಾಟ್. ಯಾಂತ್ರಿಕ ಕೆಲಸಕ್ಕೂ ಡ್ರೈವರಿನ ನಷ್ಟಕ್ಕೂ ಒಂದಿಷ್ಟು ಸೇರಿಸಿದರೂ 12 ವೋಲ್ಟ್, 1.25 ಆಂಪಿಯರಿನ, ಅಂದರೆ 15 ವಾಟಿನ ಅಡಾಪ್ಟರ್ ಪೆನ್ನಿನ ಯಂತ್ರಕ್ಕೆ ಸಾಕು. ಸುರುಳಿಗಳ ಕರೆಂಟುಗಳನ್ನೆಲ್ಲ ಕೂಡಿ 3 ಆಂಪಿಯರ್ ಬೇಕು ಎನ್ನುವುದು ತಪ್ಪು ಲೆಕ್ಕ.

ಮತ್ತೆ ಯಂತ್ರಭಾಗಗಳಿಗೆ ಬರೋಣ. ಸ್ಕ್ಯಾನರಿನ ಪ್ಲಾಸ್ಟಿಕ್ ಗೇರುಗಳನ್ನು ಬಿಟ್ಟುಬಿಡಿ. ಸಡಿಲದ ಬಹುಪಾಲು ಅಲ್ಲಿಯೇ ಇದೆ. ಬೆಲ್ಟನ್ನು ಇಟ್ಟುಕೊಳ್ಳಬಹುದು, ಆದರೆ ಹಲ್ಲಿನ ಅಂತರ ಅಳೆದುಕೊಳ್ಳಿ. ಅನೇಕ ಸ್ಕ್ಯಾನರುಗಳ ಬೆಲ್ಟು ಎಂಎಕ್ಸ್‌ಎಲ್ ಎಂಬ ಜಾತಿಯದು, ಅಂತರ 2.032 ಮಿಲಿಮೀಟರ್. ಮೂರು ಆಯಾಮದ ಪ್ರಿಂಟರುಗಳಲ್ಲಿ ಬಳಸುವ ಜಿಟಿ2 ಬೆಲ್ಟಿನದು ಸರಿಯಾಗಿ 2. ನೋಟಕ್ಕೆ ಒಂದೇ, ಆದರೆ 20 ಹಲ್ಲುಗಳ ಒಂದು ಸುತ್ತಿನಲ್ಲಿ 0.64 ಮಿಲಿಮೀಟರಿನ ವ್ಯತ್ಯಾಸ. ಒಂದರ ಬೆಲ್ಟನ್ನು ಇನ್ನೊಂದರ ಪುಲ್ಲಿಗೆ ಹಾಕಬಾರದು.

ಚಿಕ್ಕ ಮೋಟಾರುಗಳಿಗೆ ಬೆಲ್ಟಿಗಿಂತ ತಿರುಪು ಸರಳು ಒಳ್ಳೆಯ ಜೊತೆ ಎಂಬುದು ನನ್ನ ಅನುಭವ. ಲೆಕ್ಕವೂ ಅದನ್ನೇ ಹೇಳುತ್ತದೆ. ಮೋಟಾರು 0.02 ನ್ಯೂಟನ್-ಮೀಟರ್ ತಿರುಚುಬಲ ಕೊಡುತ್ತದೆ ಎಂದುಕೊಳ್ಳೋಣ. 20 ಹಲ್ಲಿನ ಜಿಟಿ2 ಪುಲ್ಲಿ ಒಂದು ಸುತ್ತಿಗೆ 40 ಮಿಲಿಮೀಟರ್ ಎಳೆಯುತ್ತದೆ. ಅದರ ಮೂಲಕ ಸಿಗುವ ಎಳೆತ ಸುಮಾರು 3 ನ್ಯೂಟನ್. ಅದೇ ಮೋಟಾರನ್ನು ಎಂ6, ಅಂದರೆ 6 ಮಿಲಿಮೀಟರ್ ದಪ್ಪದ, ತಿರುಪು ಸರಳಿಗೆ ಜೋಡಿಸಿದರೆ ಒಂದು ಸುತ್ತಿಗೆ 1 ಮಿಲಿಮೀಟರ್. ಘರ್ಷಣೆ ಮುಕ್ಕಾಲು ಪಾಲು ತಿಂದರೂ ಸುಮಾರು 31 ನ್ಯೂಟನ್, ಹತ್ತು ಪಟ್ಟು. ಸೂಕ್ಷ್ಮತೆಯೂ ಬರುತ್ತದೆ: 48 ಹೆಜ್ಜೆಯ ಬಡ ಮೋಟಾರು ಕೂಡ ಪ್ರತಿ ಹೆಜ್ಜೆಗೆ 0.021 ಮಿಲಿಮೀಟರ್ ಮಾತ್ರ ಸರಿಯುತ್ತದೆ, 1200 ಡಿಪಿಐ ಸ್ಕ್ಯಾನರಿನ ಸಾಲುಗಳ ಅಂತರದಷ್ಟೇ. ಇದಕ್ಕೆ ತೆರುವ ಬೆಲೆ ವೇಗ. ಸೆಕೆಂಡಿಗೆ 400 ಹೆಜ್ಜೆಯಲ್ಲಿ ನಿಮಿಷಕ್ಕೆ 500 ಮಿಲಿಮೀಟರ್. ಚಿಕ್ಕ ಯಂತ್ರಕ್ಕೆ ಅದು ಸಾಲದೇನಲ್ಲ. ಮೋಟಾರಿನ ದಂಡದ ಮೇಲೆ ಒತ್ತಿ ಕೂರಿಸಿದ ಹಿತ್ತಾಳೆಯ ಪುಟ್ಟ ಗೇರನ್ನು ಸುತ್ತಿಗೆಯಿಂದ ಹೊಡೆದು ತೆಗೆಯಲು ಹೋಗಬೇಡಿ, ದಂಡವೇ ಒಳಗೆ ಸರಿದೀತು. ಅದನ್ನು ಅಲ್ಲೇ ಬಿಟ್ಟು, ಮೇಲೆ ಗಟ್ಟಿ ರಬ್ಬರ್ ಕೊಳವೆ ತೊಡಿಸಿ ಕ್ಲಿಪ್ಪಿನಿಂದ ಬಿಗಿದರೆ ಅದೇ ಕಪ್ಲಿಂಗ್.

ಸರಳುಗಳ ವಿಷಯದಲ್ಲಿ ಆಸೆ ಹಿಡಿತದಲ್ಲಿರಲಿ. ಸ್ಕ್ಯಾನರಿನ ಸರಳು ನಯವಾಗಿದೆ, ಅದರ ಬುಷ್ಷುಗಳೂ ಒಳ್ಳೆಯವು, ಆದರೆ ಅದು ಹೊರುತ್ತಿದ್ದದ್ದು ಗಾಡಿಯ ಭಾರವನ್ನು ಮಾತ್ರ. 300 ಮಿಲಿಮೀಟರ್ ಅಂತರದಲ್ಲಿ ಎರಡೂ ತುದಿ ಆನಿಸಿಟ್ಟ 8 ಮಿಲಿಮೀಟರ್ ದಪ್ಪದ ಉಕ್ಕಿನ ಸರಳಿನ ನಡುವೆ 10 ನ್ಯೂಟನ್, ಅಂದರೆ ಸುಮಾರು ಒಂದು ಕಿಲೋ ತೂಕ, ಹೇರಿದರೆ ಅದು 0.14 ಮಿಲಿಮೀಟರ್ ಬಾಗುತ್ತದೆ. 6 ಮಿಲಿಮೀಟರಿನದಾದರೆ 0.44. ಬಾಗು ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಇಳಿಯುತ್ತದೆ, ಉದ್ದದ ಮೂರನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಸಿಕ್ಕ ಸರಳಿನ ದಪ್ಪ ನಮ್ಮ ಕೈಯಲ್ಲಿಲ್ಲ, ಉದ್ದ ಇದೆ. ಅದೇ 8 ಮಿಲಿಮೀಟರಿನ ಸರಳನ್ನು 150 ಮಿಲಿಮೀಟರಿಗೆ ಕತ್ತರಿಸಿಕೊಂಡರೆ ಬಾಗು 0.018ಕ್ಕೆ ಇಳಿಯುತ್ತದೆ. ಚಿಕ್ಕದಾಗಿ ಕಟ್ಟಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿ. ಚಿಕ್ಕದಾಗಿ ಕಟ್ಟಿದ ಇಂಥ ಯಂತ್ರ ಪೆನ್ನು ಹಿಡಿಯುತ್ತದೆ, ಥರ್ಮೋಕೋಲಿನಂಥ ಮೆದು ವಸ್ತುವನ್ನು ಕೆತ್ತುತ್ತದೆ, ಸರ್ಕ್ಯೂಟ್ ಹಲಗೆಯ ಮೇಲಿನ 35 ಮೈಕ್ರಾನ್ ದಪ್ಪದ ತಾಮ್ರವನ್ನು ಕೆರೆಯುತ್ತದೆ. ಆ ಕೊನೆಯ ಕೆಲಸ ಮಾಡುವಾಗ ಏಳುವ ಗಾಜಿನ ನಾರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಕ್ಕೆ ಮಾಸ್ಕ್ ಇರಲೇಬೇಕು. ಅಲ್ಯೂಮಿನಿಯಂ ಕತ್ತರಿಸುವ ಕನಸಿಗೆ ಬೇರೆ ಮೋಟಾರು, ಬೇರೆ ಚೌಕಟ್ಟು ಬೇಕು. ಸ್ಕ್ಯಾನರಿನ ಗಾಜನ್ನು ಮಾತ್ರ ಎಸೆಯಬೇಡಿ. ತಾಮ್ರ ಕೆರೆಯುವಾಗ ಮೇಲ್ಮೈ ಸಮತಟ್ಟಾಗಿರಬೇಕು. ಅಂಚು ಉಜ್ಜಿದ ಆ ಗಾಜಿಗಿಂತ ಸಮತಟ್ಟಾದ ಹಾಸು ಮನೆಯಲ್ಲಿ ಇನ್ನೊಂದು ಸಿಗುವುದು ಕಷ್ಟ.

ಇಷ್ಟೆಲ್ಲವನ್ನೂ ನಡೆಸುವ ಮಿದುಳು ಆರ್ಡುಯಿನೊ ಊನೊ ಎಂಬ ಚಿಕ್ಕ ನಿಯಂತ್ರಕ ಹಲಗೆಯಲ್ಲಿ ಓಡುವ ಗರ್ಬಲ್ ಎಂಬ ತೆರೆದ ತಂತ್ರಾಂಶ. 2009ರಲ್ಲಿ ಸೀಮನ್ ಸ್ವಾಲೆ ಸ್ಕಾಗ್ಸ್ರುಡ್ ಶುರುಮಾಡಿದ ಈ ತಂತ್ರಾಂಶ ಜಿ-ಕೋಡ್ ಎಂಬ ಚಲನೆಯ ಆಜ್ಞೆಗಳನ್ನು ಓದಿ ಮೂರು ಅಕ್ಷಗಳಿಗೆ ಹೆಜ್ಜೆಯ ಸಂಕೇತ ಕಳಿಸುತ್ತದೆ. ಅದಕ್ಕೆ ನಾವು ಹೇಳಬೇಕಾದ ಮುಖ್ಯ ಅಂಕಿ ಒಂದು ಮಿಲಿಮೀಟರಿಗೆ ಎಷ್ಟು ಹೆಜ್ಜೆ ಎಂಬುದು. 48 ಹೆಜ್ಜೆಯ ಮೋಟಾರು, ಎಂಟನೇ ಒಂದರ ಮೈಕ್ರೋಸ್ಟೆಪ್, ಎಂ6 ಸರಳು ಎಂದಾದರೆ 384. ಮೈಕ್ರೋಸ್ಟೆಪ್ ಎಂದರೆ ಎರಡೂ ಸುರುಳಿಗಳ ಕರೆಂಟನ್ನು ಹದವಾಗಿ ಹಂಚಿ ಒಂದು ಹೆಜ್ಜೆಯನ್ನು ಚೂರು ಮಾಡುವುದು. ಇದರಿಂದ ಚಲನೆ ನುಣುಪಾಗುತ್ತದೆ, ಸದ್ದು ಇಳಿಯುತ್ತದೆ. ಆದರೆ ನಿಖರತೆ ಎಂಟು ಪಟ್ಟು ಹೆಚ್ಚಿತೆಂದು ತಿಳಿಯಬಾರದು. ಭಾರ ಬಿದ್ದಾಗ ಮೋಟಾರು ಆ ಚೂರುಗಳ ನಡುವೆ ಎಲ್ಲಾದರೂ ನಿಂತುಬಿಡಬಹುದು.

ಗರ್ಬಲ್‌ನಲ್ಲಿ ಬ್ಯಾಕ್‌ಲ್ಯಾಶನ್ನು ಲೆಕ್ಕದಿಂದ ಸರಿದೂಗಿಸುವ ಸೌಲಭ್ಯವಿಲ್ಲ. ಆದ್ದರಿಂದ ಸಡಿಲವನ್ನು ಯಂತ್ರದಲ್ಲಿಯೇ ಕೊಲ್ಲಬೇಕು. ನಾನು ಮಾಡಿದ್ದು ಸರಳ ಉಪಾಯ: ಒಂದೇ ತಿರುಪು ಸರಳಿನ ಮೇಲೆ ಎರಡು ನಟ್ಟುಗಳು, ನಡುವೆ ಗಟ್ಟಿ ಸ್ಪ್ರಿಂಗ್. ಒಂದು ನಟ್ಟನ್ನು ಗಾಡಿಗೆ ಬಿಗಿಯಬೇಕು. ಇನ್ನೊಂದು ತಿರುಗದಂತೆ ತಡೆದಿರಬೇಕು, ಆದರೆ ಉದ್ದಕ್ಕೆ ಸರಿಯುವಂತಿರಬೇಕು. ಸ್ಪ್ರಿಂಗ್ ಎರಡನ್ನೂ ದೂರ ತಳ್ಳುವುದರಿಂದ ಒಂದು ನಟ್ಟು ತಿರುಪಿನ ಎಳೆಯ ಈ ಮಗ್ಗುಲಿಗೆ, ಇನ್ನೊಂದು ಆ ಮಗ್ಗುಲಿಗೆ ಸದಾ ಒತ್ತಿಕೊಂಡಿರುತ್ತದೆ. ಎತ್ತ ತಿರುಗಿದರೂ ಖಾಲಿ ಜಾಗವಿಲ್ಲ. ಸ್ಪ್ರಿಂಗಿನ ಒತ್ತಡ ಉಪಕರಣಕ್ಕೆ ಎದುರಾಗುವ ಬಲಕ್ಕಿಂತ ಹೆಚ್ಚಿರಬೇಕು, ಆದರೆ ಮೋಟಾರನ್ನೇ ನಿಲ್ಲಿಸುವಷ್ಟು ಇರಬಾರದು. ನನ್ನ ಯಂತ್ರಕ್ಕೆ ಮೂರನೆಯ ಸ್ಪ್ರಿಂಗ್ ಹೊಂದಿತು. ಗೇರುಗಳನ್ನು ಕಿತ್ತು, ಸರಳುಗಳನ್ನು ಗಿಡ್ಡ ಮಾಡಿ, ಈ ಜೋಡಿ ನಟ್ಟು ಕೂರಿಸಿದ ಸಂಜೆ ಅದೇ ವೃತ್ತವನ್ನು ಮತ್ತೆ ಬರೆಸಿದೆ. ಮೊದಲಿನ ಕಾಗದದ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಎಡ ಬಲದ ಚಪ್ಪಟೆ ಪೂರ್ತಿ ಹೋಗಿತ್ತು. ಮೇಲಿನದರ ಒಂದು ಸಣ್ಣ ಗುರುತು ಉಳಿದಿತ್ತು. ಪೆನ್ನಿನ ಹಿಡಿಕೆಯನ್ನು ಬೆರಳಿನಿಂದ ಅಲುಗಾಡಿಸಿದಾಗ ಅದರ ಕಾರಣವೂ ತಿಳಿಯಿತು. ಹಿಡಿಕೆಯ ತಿರುಪೇ ಸಡಿಲವಾಗಿತ್ತು.